ಸೂಚ್ಯಂಕ 'ತೃಪ್ತಿಕರ' ಅನ್ನುತ್ತೆ, ಮಗುವಿಗೆ ಗೂರಲು. ಯಾವುದನ್ನ ನಂಬೋದು?

ಪೀಣ್ಯದ ಅಮ್ಮ: ನಮ್ಮ ಕಡೆ ವಾಯು ಗುಣಮಟ್ಟ ಸೂಚ್ಯಂಕ 94, 'ತೃಪ್ತಿಕರ' ಅಂತ ತೋರಿಸ್ತಿದೆ. ನನ್ನ ಆರು ವರ್ಷದ ಮಗಳಿಗೆ ರಾತ್ರಿ ಎರಡು ಸಲ ನೆಬ್ಯುಲೈಸರ್ ಹಾಕಿದ್ದೀನಿ. ಬೆಳಿಗ್ಗೆ ಬಾಲ್ಕನಿ ಕಂಬಿ ಒರೆಸಿದರೆ ಬಟ್ಟೆಯೆಲ್ಲ ಕರ್ರಗೆ. ಯಾರಿಗೆ ತೃಪ್ತಿ ಇದು?

ಮಲೆನಾಡಿಗ: ದೆಹಲಿ ನೋಡಿ ಆಮೇಲೆ ಮಾತಾಡಿ, ಅಲ್ಲಿ ನವೆಂಬರಿನಲ್ಲಿ 400 ದಾಟುತ್ತೆ. ನಮ್ಮಜ್ಜಿ ಅರವತ್ತು ವರ್ಷ ಸೌದೆ ಒಲೆ ಊದಿದವರು, 91ರವರೆಗೆ ಬದುಕಿದರು. ಈಗಿನ ಮಕ್ಕಳನ್ನ ಮನೆಯೊಳಗೇ ಇಟ್ಟು ಬೆಳೆಸಿ ಹೀಗಾಗಿದೆ.

ವಾರ್ಡ್ ನರ್ಸ್: 'ಒಲೆ ಊದಿದವರು' ಅಂದ್ರಲ್ಲ, ಹದಿನೆಂಟು ವರ್ಷದಿಂದ ಎದೆರೋಗದ ವಾರ್ಡಿನಲ್ಲಿದ್ದೀನಿ. ಜನ್ಮದಲ್ಲಿ ಬೀಡಿ ಮುಟ್ಟದ ಹೆಂಗಸರು ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗಿ ವಾಸಿಯಾಗದೇ ಉಳಿಯೋ ಶ್ವಾಸಕೋಶದ ಕಾಯಿಲೆ, ಅಂತ ಬಂದು ಸೇರ್ತಾರೆ. ಹೆಸರು ಹೇಳಿ ಮುಗಿಸೋಕೆ ಎರಡು ಸಲ ಉಸಿರು ಎಳ್ಕೋಬೇಕು ಅವರು. ಏನು ಕೆಲಸ ಮಾಡ್ತಿದ್ರಿ ಅಂದ್ರೆ, ಒಲೆ ಮುಂದೆ ಕೂತಿದ್ದೇ ಕತೆ.

ಮಲೆನಾಡಿಗ: ವಾರ್ಡಿಗೆ ಬರೋದು ಕಾಯಿಲೆಯವರೇ ಅಲ್ವಾ? ಗಟ್ಟಿಮುಟ್ಟಾಗಿರೋರು ನಿಮ್ಮ ಕಣ್ಣಿಗೆ ಹೇಗೆ ಬೀಳ್ತಾರೆ?

ವಾರ್ಡ್ ನರ್ಸ್: ಅದೇ ಮಾತು ನಿಮಗೂ. ಬಾಳಿದ ಅಜ್ಜಿ ಒಬ್ಬರೇ ನಿಮಗೆ ನೆನಪು. ಅವರ ಓರಗಿತ್ತಿಯರು ಏನಾದರು?

ಮಲೆನಾಡಿಗ: ಚಿಕ್ಕಜ್ಜಿ ದಮ್ಮಿನಿಂದ ಹೋದರು, ನಿಜ. ಆದರೆ ಅವರಿಗೆ ನಶ್ಯದ ಚಟ ಇತ್ತು.

ವಾರ್ಡ್ ನರ್ಸ್: ನಶ್ಯ ಮೂಗಿಗೆ, ಹೊಗೆ ಎದೆಗೆ. ದಿನಾ ಮೂರು ಹೊತ್ತು ಹೊಗೆ ಕುಡಿದವರ ಸಾವನ್ನ ಒಂದು ಚಿಟಿಕೆ ನಶ್ಯದ ತಲೆಗೆ ಕಟ್ಟಬೇಡಿ!

ಮಲೆನಾಡಿಗ: ನಮ್ಮ ಮನೆಯವರ ಸುದ್ದಿ ಎತ್ತೋಕೆ ನೀವ್ಯಾರು?

ವಾರ್ಡ್ ನರ್ಸ್: ಅಜ್ಜಿಯನ್ನ ಸಾಕ್ಷಿಗೆ ಕರೆದುಕೊಂಡು ಬಂದವರು ನೀವು, ನಾನಲ್ಲ.

ದಾವಣಗೆರೆಯವ: ಒಲೆ ಜಗಳದಲ್ಲಿ ಲಾರಿ ಹೊಗೆ ಮರೆತೇಬಿಟ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನ 2012ರಲ್ಲಿ, ಹೊರಗಿನ ಗಾಳಿಯ ಮಾಲಿನ್ಯವನ್ನ 2013ರಲ್ಲಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿದೆ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟ ಊರುಗಳ ಪಟ್ಟಿಯಿದೆ, ಅದರಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮೂರೂ ಇದೆ. ಬರೀ ದೆಹಲಿ ದೆಹಲಿ ಅನ್ನಬೇಡಿ.

ಲೆಕ್ಕದ ಮೇಷ್ಟ್ರು: 'ಪಟ್ಟಿ' ಬಿಡಿ, ಮಿತಿ ನೋಡಿ. ಗಾಳಿಯಲ್ಲಿ ತೇಲೋ ಅತಿ ಸಣ್ಣ ಕಣಗಳಿಗೆ ಪಿಎಂ 2.5 ಅಂತಾರೆ. ಅದರ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೂ ನಮ್ಮ ಸೂಚ್ಯಂಕಕ್ಕೆ 'ತೃಪ್ತಿಕರ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ವರ್ಷದ ಮಿತಿ ನಮ್ಮದು 40, ಅವರದು 5. ಆ ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಮಲೆನಾಡಿಗ: ವಿದೇಶದ ಅಳತೆ ನಮಗ್ಯಾಕೆ? ನಮ್ಮದು ಧೂಳಿನ ನಾಡು, ಧೂಳು ನಮಗೆ ಒಗ್ಗಿದೆ.

ಲೆಕ್ಕದ ಮೇಷ್ಟ್ರು: 'ಧೂಳು' ಅಂದ್ರಾ? ಪಿಎಂ 2.5 ಕಣ ತಲೆಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಮೂಗಿನಲ್ಲಿ ನಿಲ್ಲಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಹೃದಯಾಘಾತ, ಲಕ್ವ ಎರಡಕ್ಕೂ ದಾರಿ. ಒಗ್ಗೋದು ಎಲ್ಲಿಂದ ಬಂತು?

ಪೀಣ್ಯದ ಅಮ್ಮ: 'ಮನೆಯೊಳಗೇ ಇಟ್ಟು' ಅಂದ್ರಿ. ಲಾರಿ ಓಡಾಡೋ ಹೊತ್ತಿಗೆ ಕಿಟಕಿ ಹಾಕಿಡಿ ಅಂದಿದ್ದು ಡಾಕ್ಟರೇ. ಇಡೀ ಸಂಜೆ ಕಿಟಕಿ ಗಾಜಿಗೆ ಮೂಗು ಒತ್ತಿ, ಕೆಳಗೆ ಆಡೋ ಮಕ್ಕಳನ್ನ ನೋಡ್ತಾ ನಿಂತಿರ್ತಾಳೆ. ಮತ್ತೆ ಕೆಮ್ಮು ಶುರುವಾಯ್ತು, ನಾನು ಏಳ್ತೀನಿ.

ಮಲೆನಾಡಿಗ: ಮಗುವಿಗೆ ಬೇಗ ವಾಸಿಯಾಗಲಿ ಅಕ್ಕಾ. ನಶ್ಯದ ಮಾತು ಮಾತ್ರ ನಾನು ಬಿಡಲ್ಲ.