ಹೃದಯಾಘಾತವಾದವರಿಗೆ ಆಮ್ಲಜನಕ ಕೊಡದಿದ್ದರೆ ಅದು ನಿರ್ಲಕ್ಷ್ಯವೇ?

ಪ್ರಶ್ನೆ – ಮದ್ದೂರಿನಿಂದ
ಕಳೆದ ವಾರ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಾಗ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ ನೋಡಿದ ವೈದ್ಯರು ಹೃದಯಾಘಾತವೆಂದು ತಿಳಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳುಹಿಸಿದರು. ಬೆರಳಿನ ಆಕ್ಸಿಮೀಟರ್ 96 ತೋರಿಸುತ್ತಿದ್ದುದರಿಂದ ಆಕ್ಸಿಜನ್ ಮಾತ್ರ ಹಾಕಲಿಲ್ಲ. ತಂದೆಯವರು ಚೇತರಿಸಿಕೊಳ್ಳುತ್ತಿದ್ದರೂ ಬಂಧುಗಳ ಆಕ್ಷೇಪ ನಿಂತಿಲ್ಲ. ಅಲ್ಲಿ ತಡಮಾಡದೆ ನೇರವಾಗಿ ಮೈಸೂರಿಗೇ ಹೋಗಬೇಕಿತ್ತೇ?

ಉತ್ತರ – ಮೈಸೂರಿನ ತುರ್ತು ಚಿಕಿತ್ಸಾ ವೈದ್ಯೆ
ಇದು ನಿರ್ಲಕ್ಷ್ಯವಲ್ಲ. ಹೃದಯಾಘಾತದ ಶಂಕೆಯಿದ್ದು, ಆಮ್ಲಜನಕದ ಪ್ರಮಾಣ ಶೇ. 90ಕ್ಕಿಂತ ಕಡಿಮೆಯಿಲ್ಲದ 6,629 ರೋಗಿಗಳನ್ನು ಸ್ವೀಡನ್ನಿನಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ತೀರಿಕೊಂಡವರು ಆಮ್ಲಜನಕ ಪಡೆದವರಲ್ಲಿ ಶೇ. 5.0, ಪಡೆಯದವರಲ್ಲಿ ಶೇ. 5.1, ಅಂದರೆ ವ್ಯತ್ಯಾಸವೇ ಇರಲಿಲ್ಲ. ಅದಕ್ಕೂ ಮುಂಚೆ, 2015ರಲ್ಲಿ ಪ್ರಕಟವಾದ ಮೆಲ್ಬರ್ನಿನ 441 ರೋಗಿಗಳ ಅಧ್ಯಯನದಲ್ಲಿ, ಅನಗತ್ಯವಾಗಿ ಆಮ್ಲಜನಕ ಪಡೆದವರ ಹೃದಯದ ಸ್ನಾಯುವಿಗೆ ಹೆಚ್ಚು ಹಾನಿಯಾಗಿರುವ ಸೂಚನೆ ಕಂಡಿತ್ತು. ರಕ್ತದಲ್ಲಿ ಆಮ್ಲಜನಕ ಅತಿಯಾದರೆ ಹೃದಯದ ರಕ್ತನಾಳಗಳು ಸಂಕುಚಿಸುತ್ತವೆ. ಶೇ. 90ಕ್ಕಿಂತ ಕೆಳಗಿಳಿದರೆ ಮಾತ್ರ ತಪ್ಪದೆ ಕೊಡಬೇಕು.

ಉತ್ತರ – ಮಂಡ್ಯದ ಶುಶ್ರೂಷಕ
ನಿಮ್ಮ ಬಂಧುಗಳ ಆತಂಕ ನನಗೆ ಅರ್ಥವಾಗುತ್ತದೆ. 2021ರಲ್ಲಿ ಸಿಲಿಂಡರಿಗಾಗಿ ಅಲೆದ ಯಾರಿಗೂ ಆಕ್ಸಿಜನ್ ಬೇಡವೆಂಬ ಮಾತು ಸುಲಭವಾಗಿ ಒಪ್ಪಿಗೆಯಾಗದು. ಆದರೆ ಕೋವಿಡ್‌ನಲ್ಲಿ ಕೆಟ್ಟಿದ್ದುದು ಶ್ವಾಸಕೋಶ. ಇಲ್ಲಿ ಕಟ್ಟಿಕೊಂಡಿರುವುದು ಹೃದಯದ ರಕ್ತನಾಳ. ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು: ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಕಪ್ಪು ವರ್ಣದವರಲ್ಲಿ ಅದು ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸುವುದುಂಟೆಂದು 2020ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದ್ದಾರೆ. ಆದ್ದರಿಂದ ರೋಗಿ ಏದುಸಿರು ಬಿಡುತ್ತಿದ್ದರೆ ಅಂಕಿಯೊಂದನ್ನೇ ನೆಚ್ಚಿ ಕೂರಬಾರದು.

ಉತ್ತರ – ಮೈಸೂರಿನ ತುರ್ತು ಚಿಕಿತ್ಸಾ ವೈದ್ಯೆ
ಆ ಎಚ್ಚರಿಕೆ ನಮ್ಮ ಕಡೆಯ ರೋಗಿಗಳಿಗೂ ಸಲ್ಲಬೇಕಾದದ್ದು. ಇನ್ನು ನೇರವಾಗಿ ಮೈಸೂರಿಗೆ ಬರುವ ಪ್ರಶ್ನೆ. ನೋವು ಶುರುವಾಗಿ ಮೂರು ಗಂಟೆ ಮೀರದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾಗದ ರೋಗಿಗಳ ಮೇಲೆ ನಡೆದ ಸ್ಟ್ರೀಮ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೊದಲು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪಡೆದು ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದವರ ಫಲಿತಾಂಶ, ನೇರವಾಗಿ ಆಂಜಿಯೋಪ್ಲಾಸ್ಟಿಗೆ ಹೋದವರಷ್ಟೇ ಚೆನ್ನಾಗಿತ್ತು. ಮಿದುಳಿನ ರಕ್ತಸ್ರಾವ ಮಾತ್ರ ತುಸು ಹೆಚ್ಚಾಗಿದ್ದರಿಂದ, 75 ದಾಟಿದವರಿಗೆ ಅಧ್ಯಯನದ ನಡುವೆಯೇ ಅರ್ಧ ಪ್ರಮಾಣ ನಿಗದಿ ಮಾಡಿದರು. ದಾರಿಯಲ್ಲಿ ಕಳೆದುಹೋಗಬಹುದಾಗಿದ್ದ ಸಮಯವನ್ನು ಆ ವೈದ್ಯರು ನಿಮಗೆ ಉಳಿಸಿಕೊಟ್ಟಿದ್ದಾರೆ. ಇಂಜೆಕ್ಷನ್ನಿನಿಂದ ರಕ್ತನಾಳ ತೆರೆದುಕೊಂಡರೂ ಆ ಅಧ್ಯಯನದಲ್ಲಿ 6ರಿಂದ 24 ಗಂಟೆಗಳೊಳಗೆ ಆಂಜಿಯೋಗ್ರಾಂ ಮಾಡಲಾಗುತ್ತಿತ್ತು. ತಂದೆಯವರಿಗೆ ಅದು ಆಗಿದೆಯೇ ಎಂದು ಈಗ ನೋಡಿಕೊಳ್ಳುತ್ತಿರುವ ವೈದ್ಯರನ್ನು ಕೇಳಿ.