‘ಕಾಸ್ಕ್ ದೋರ್’: ಶಿರಸ್ತ್ರಾಣವೋ, ಮುಡಿಯೋ?

ಪ್ರಶ್ನೆ: ಜಾಕ್ ಬೆಕೆರ್ ನಿರ್ದೇಶಿಸಿದ 1952ರ ಫ್ರೆಂಚ್ ಸಿನಿಮಾ ‘ಕಾಸ್ಕ್ ದೋರ್’ಗೆ ಕನ್ನಡ ಸಬ್‌ಟೈಟಲ್ ಆಗುತ್ತಿದೆ. ಹೆಸರನ್ನು ‘ಚಿನ್ನದ ಶಿರಸ್ತ್ರಾಣ’ ಎನ್ನಬಹುದೇ? ಕಥಾಸಾರದಲ್ಲಿ ಬರುವ ‘ಅಪಾಶ್’ಗೆ ಕನ್ನಡವೇನು?

ಉತ್ತರ: ಶಿರಸ್ತ್ರಾಣ ದಯವಿಟ್ಟು ಬೇಡ. ನಿಘಂಟಿನ ಅರ್ಥ ಅದೇ ಹೌದು, ಆದರೆ ಓದಿದವರಿಗೆ ಯುದ್ಧದ ಸಿನಿಮಾ ಅನಿಸುತ್ತದೆ. ಇಲ್ಲಿ ಅದು ಹೆಣ್ಣಿನ ಅಡ್ಡಹೆಸರು. ನಾಯಕಿಯ ಹೊಂಬಣ್ಣದ ಕೂದಲನ್ನು ಮೇಲಕ್ಕೆ ಬಾಚಿ ನೆತ್ತಿಯ ಮೇಲೆ ಸುತ್ತಿ ಕಟ್ಟಿದೆ. ನೋಡಿದರೆ ತಲೆಗೇ ಹೊನ್ನು ಹೊದಿಸಿದ ಹಾಗೆ. ಸಿನಿಮಾ ಕಪ್ಪು-ಬಿಳುಪಿನದು, ಬಣ್ಣವನ್ನು ಹೆಸರೇ ಹೇಳಬೇಕು. ಹಾಗಾಗಿ ‘ಹೊನ್ನು’ ಬಿಡುವಂತಿಲ್ಲ.

‘ಜಡೆ’ ಇಳಿಬೀಳುವಂಥದ್ದು. ‘ತುರುಬು’ ಎಂದರೆ ತಲೆಯ ಹಿಂಭಾಗ ಕಣ್ಣಿಗೆ ಬರುತ್ತದೆ. ‘ಮುಡಿ’ ಮಾತ್ರ ಕೂದಲೂ ಹೌದು, ಕಿರೀಟವೂ ಹೌದು. ಮೇಲುಕೋಟೆಯ ವೈರಮುಡಿ, ರಾಜಮುಡಿ ನೆನೆಯಿರಿ. ಫ್ರೆಂಚಿನ ಎರಡು ಅರ್ಥ ನಮ್ಮ ಒಂದೇ ಮಾತಿನಲ್ಲಿ ಸಿಕ್ಕಿತು. ‘ಹೊನ್ನಮುಡಿ’ ಎನ್ನಿ. ಕರಾವಳಿಯವರಿಗೆ ಮುಡಿ ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯೂ ಹೌದು. ಆದ್ದರಿಂದ ಸಂಭಾಷಣೆಯಲ್ಲಿ ಮೊದಲ ಸಲ ‘ಹೊನ್ನಮುಡಿಯವಳು’ ಎಂದು ಹಾಕಿ, ಆಮೇಲೆ ‘ಹೊನ್ನಮುಡಿ ಬಂದಳು’ ಸಾಕು.

ಸಿಮೋನ್ ಸಿನ್ಯೊರೆ ಮಾಡಿದ ಈ ಪಾತ್ರದ ನಿಜಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ‘ಮಾರಿ’ ಎಂದು ಬರೆಯಬೇಡಿ. ಪ್ರೇಮದ ದೃಶ್ಯದಲ್ಲಿ ಮಾರಿ ನುಗ್ಗಿಬಿಡುತ್ತಾಳೆ! ನಮಗೆ ಪರಿಚಯವಿರುವ ‘ಮೇರಿ’ಯೇ ಸರಿ.

‘ಅಪಾಶ್’ ಎಂಬುದು 1900ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಪತ್ರಿಕೆಗಳು ಅದೇ ಊರಿನ ಬೆಲ್‌ವಿಲ್ ಬಡಾವಣೆ ಕಡೆಯ ಪುಂಡರಿಗೆ ಅಂಟಿಸಿದ ಹೆಸರು. ಮೂಲ ಅಮೆರಿಕದ ಅಪಾಚೆ ಬುಡಕಟ್ಟು. ‘ಅಪಾಚೆ’ ಎಂದೇ ಬರೆದರೆ ಓದುಗ ನೇರ ಅಮೆರಿಕಕ್ಕೆ ಹೋಗುತ್ತಾನೆ. ‘ಡಕಾಯಿತ’ ಎಂದರೆ ಕಾಡು, ಕಣಿವೆ; ಇವರದು ಗಲ್ಲಿ. ಒಮ್ಮೆ ‘ಅಪಾಶ್ ಪುಂಡರು’, ಮುಂದೆ ಬರೀ ‘ಪುಂಡರು’.

ಪ್ಯಾರಿಸ್ ಬಳಿಯ ಜುವಾನ್‌ವಿಲ್‌ನಲ್ಲಿ ಮಾರ್ನ್ ನದಿಯ ದಂಡೆಯ ‘ಗ್ಯಾಂಗೆತ್’ಗೆ ‘ಹೆಂಡದಂಗಡಿ’ ಹೊಂದದು. ಅಲ್ಲಿ ವಾದ್ಯವಿದೆ, ಜೋಡಿ ಕುಣಿತವಿದೆ. ‘ಹೊಳೆದಂಡೆಯ ಕುಣಿತದ ಹೋಟೆಲು’ ಎಂದರೆ ಉದ್ದವಾಯಿತು, ಆದರೆ ಸುಳ್ಳಲ್ಲ.

ಕೊನೆಗೆ ಶಿಕ್ಷೆಯ ಮಾತು. ಮರಣದಂಡನೆ ಎಂದೊಡನೆ ನಮ್ಮ ಕೈ ‘ಗಲ್ಲು’ ಎಂದು ಬರೆದುಬಿಡುತ್ತದೆ. ಸಿನಿಮಾದಲ್ಲಿ ನಾಯಕಿಯ ಪ್ರಿಯಕರನಾದ ಬಡಗಿ ಮಾಂದಾನದು ಗಿಲೊಟಿನ್, ಅಂದರೆ ತಲೆ ಕಡಿಯುವ ಯಂತ್ರ. ಅಲ್ಲಿ ಹಗ್ಗವೇ ಇಲ್ಲ. ‘ತಲೆದಂಡ’ ಅಕ್ಷರಶಃ ಸರಿಹೊಂದುತ್ತದೆ. ಆದರೆ ಈಗ ಮಂತ್ರಿಯ ರಾಜೀನಾಮೆಗೂ ಅದನ್ನೇ ಬಳಸಿ ಅದರ ಮೊನೆ ಹೋಗಿದೆ, ಹಾಗಾಗಿ ‘ಶಿರಚ್ಛೇದ’ವೇ ಲೇಸು. ಕಥೆಗೆ ಮೂಲವಾದ 1902ರ ಪ್ರಕರಣದ ನಿಜವಾದ ಮಾಂದಾನನ್ನು ಕೊಲ್ಲಲಿಲ್ಲ, ಕಡಲಾಚೆಯ ಫ್ರೆಂಚ್ ಗಯಾನಾದ ಸೆರೆಗೆ ಕಳಿಸಿದರು. ಅವನ ಬಗ್ಗೆ ಟಿಪ್ಪಣಿ ಬರೆಯುವುದಾದರೆ ‘ಕರಿನೀರಿನ ಶಿಕ್ಷೆ’ ಎನ್ನಿ.