‘ಹಾಲು ಬಿಟ್ಟ ಮರಿ’ಯೋ, ‘ಹಾಲು ಬಿಡಿಸಿದ ಮರಿ’ಯೋ?

ಸ್ನೇಹಿತರೇ, ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ಸ್ವಲ್ಪ ಜಮೀನಿಟ್ಟುಕೊಂಡು ಎರಡು ಮೂರು ಹಂದಿ ಸಾಕುವವರಿಗಾಗಿ ಇರುವ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮರಿ ಕೊಳ್ಳುವ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಅಲ್ಲಿ ಮಾತೆತ್ತಿದರೆ ‘ವೀನರ್’. ತಾಯಿ ಹಾಲು ನಿಂತು, ತಾನಾಗಿ ತಿನ್ನಲು ಕಲಿತ ಮರಿ ಅಂತ ಅರ್ಥ. ಸಾಮಾನ್ಯವಾಗಿ 6ರಿಂದ 8 ವಾರದ್ದು.

ಮೊದಲು ಸುಮ್ನೆ ‘ಹಂದಿಮರಿ’ ಅಂತಲೇ ಬರೆದುಕೊಂಡು ಹೋದೆ. ಎರಡನೇ ಪುಟಕ್ಕೇ ಎಡವಿದೆ. ‘ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸಿದ್ದರಾ ಎಂದು ಕೇಳಿ, ಆಮೇಲೆ ಮರಿ ಆರಿಸಿ’ ಎಂಬ ವಾಕ್ಯ ಬಂತು. ಮೊದಲನೆಯ ಮರಿ ಒಂದೂವರೆ ಕೆಜಿ ಆಸುಪಾಸಿನದು, ಒಂದು ಕೈಯಲ್ಲಿ ಎತ್ತಬಹುದು. ಎರಡನೆಯದು ಚೆನ್ನಾಗಿ ಬೆಳೆದಿದ್ದರೆ 15 ಕೆಜಿ ಇರುತ್ತದೆ, ತಬ್ಬಿ ಹಿಡಿದರೂ ಒದ್ದಾಡಿ ಜಾರಿಕೊಳ್ಳುತ್ತದೆ. ಎರಡಕ್ಕೂ ‘ಮರಿ’ ಎಂದರೆ ಓದುವವರು ಏನಂತ ತಿಳಿಯಬೇಕು?

ಹಸುವಿನ ವಿಷಯದಲ್ಲಿ ನಮಗೆ ಪದಗಳ ಬರ ಇಲ್ಲ. ಕರು, ಕಡಸು, ಮಣಕ, ಹೋರಿ, ಎತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಇವೆ. ಹಂದಿಗೆ ಮಾತ್ರ ಮರಿ, ಗಂಡು, ಹೆಣ್ಣು, ಅಷ್ಟೇ. ಇನ್ನೂ ಮರಿ ಹಾಕದ ಹೆಣ್ಣನ್ನು ‘ಕಡಸು ಹಂದಿ’ ಎನ್ನಲು ನನ್ನ ನಾಲಿಗೆ ಒಪ್ಪುತ್ತಿಲ್ಲ.

ಸರಿ, ‘ವೀನರ್’ಗೆ ‘ಹಾಲು ಬಿಡಿಸಿದ ಮರಿ’ ಎಂದು ಬರೆದೆ. ಆದರೆ ಹಿಂದೊಮ್ಮೆ ಪರಿಚಯದವರ ಜೊತೆ ಮರಿ ಕೊಳ್ಳಲು ಹೋದದ್ದು ನೆನಪಾಯಿತು. ‘ಹಾಲು ಬಿಡಿಸಿದ್ದೀರಾ?’ ಎಂದು ಇವರು ಕೇಳಿದರು. ‘ಹ್ಞೂಂ, ಬಿಡಿಸಿದ್ದೀವಿ’ ಎಂದರು ಮಾರುವವರು. ನಮ್ಮವರು ಅಷ್ಟಕ್ಕೆ ಬಿಡಲಿಲ್ಲ. ಒಂದು ಹಿಡಿ ತಿಂಡಿ ತರಿಸಿ ಮೂರು ಮರಿಗಳ ಮುಂದೆ ಚೆಲ್ಲಿದರು. ಎರಡು ಮರಿ ಮೂತಿ ಇಟ್ಟು ಚಪಚಪ ತಿಂದವು. ಮೂರನೆಯದು ತಿಂಡಿಯ ಮೇಲೇ ನಡೆದು ಹೋಗಿ, ತಾಯಿ ಇದ್ದ ಕಡೆಯ ಗೋಡೆಗೆ ಮೂತಿ ಒತ್ತಿಕೊಂಡು ಕಿರುಚತೊಡಗಿತು. ವಿಚಾರಿಸಿದರೆ, ಅದನ್ನು ತಾಯಿಯಿಂದ ಬೇರೆ ಮಾಡಿದ್ದು ಅವತ್ತು ಬೆಳಿಗ್ಗೆ! ಮಾರುವವರು ಸುಳ್ಳು ಹೇಳಿರಲಿಲ್ಲ. ಅವರು ಬಿಡಿಸಿದ್ದರು. ಅದು ಬಿಟ್ಟಿರಲಿಲ್ಲ.

ಹಾಗಾಗಿ ನನ್ನ ಓಟು ‘ಹಾಲು ಬಿಟ್ಟ ಮರಿ’ಗೆ. ‘ಹಸು ಹಾಲು ಬಿಟ್ಟಿತು’ ಎಂದರೆ ಕೆಚ್ಚಲಿಗೆ ಹಾಲು ಇಳಿಸಿತು ಎಂಬ ಬೇರೆಯೇ ಅರ್ಥ ಬರುತ್ತದೆ, ಗೊತ್ತು. ಮರಿಯ ವಿಷಯದಲ್ಲಿ ಆ ಗೊಂದಲ ಆಗಲಾರದು, ಅಲ್ವಾ?

ಇದು ಬರೀ ವ್ಯಾಕರಣದ ಹಟ ಅಲ್ಲ, ದುಡ್ಡಿನ ವಿಷಯ. ಈ ವಯಸ್ಸಿನ ಮರಿಯನ್ನು ಹೆಚ್ಚಾಗಿ ತಲೆ ಲೆಕ್ಕದಲ್ಲಿ ಮಾರುತ್ತಾರೆ, ತೂಕದ ಲೆಕ್ಕದಲ್ಲಿ ಅಲ್ಲ. ತೂಕಕ್ಕೆ ಹಾಕಿ ನೋಡಿದರೆ ದೊಡ್ಡ ಹಂದಿಗಿಂತ ಕೆಜಿಗೆ ಜಾಸ್ತಿಯೇ ಬೀಳುತ್ತದೆ. ತಾಯಿ 114 ದಿನ ಗಬ್ಬವಾಗಿದ್ದಾಗ ತಿಂದದ್ದು, ಹಾಲೂಡುವಾಗ ತಿಂದದ್ದು, ನಡುವೆ ಸತ್ತ ಮರಿಗಳ ನಷ್ಟ, ಎಲ್ಲವೂ ಉಳಿದ ಮರಿಗಳ ತಲೆಯ ಮೇಲೆ ಬರಬೇಕು ತಾನೇ? ಆ ಬೆಲೆ ಕೊಟ್ಟು ಇನ್ನೂ ತಿನ್ನಲು ಬಾರದ ಮರಿ ತಂದರೆ, ಅದು ಭೇದಿ ಹತ್ತಿಕೊಂಡು ಸೊರಗುತ್ತದೆ.

ಇಲ್ಲಿಂದ ಎರಡನೇ ತೊಡಕು. ಕೊಳ್ಳುವವರಿಗೂ ಮಾರುವವರಿಗೂ ಸರಿ ಎನಿಸುವ ಬೆಲೆಗೆ ಏನನ್ನೋಣ? ‘ನ್ಯಾಯಬೆಲೆ’ ಎಂದ ಕೂಡಲೇ ಕಣ್ಣ ಮುಂದೆ ರೇಷನ್ ಚೀಟಿ ಬರುತ್ತದೆ. ‘ಗಿಟ್ಟುವ ಬೆಲೆ’ ಜೀವಂತ ಮಾತು, ನನಗೆ ತುಂಬಾ ಇಷ್ಟ. ಆದರೆ ಗಿಟ್ಟುವುದು ಯಾವಾಗಲೂ ಒಂದು ಪಕ್ಷಕ್ಕೆ. ‘ನನಗೆ ಗಿಟ್ಟಲ್ಲ’ ಎಂದು ಒಬ್ಬರು ಎದ್ದು ಹೋಗಬಹುದು, ‘ನಮಗಿಬ್ಬರಿಗೂ ಗಿಟ್ಟಿತು’ ಎಂದು ಯಾರೂ ಕೈ ಕುಲುಕಿದ್ದು ನಾನು ಕೇಳಿಲ್ಲ. ‘ತಕ್ಕ ಬೆಲೆ’ ಎಂದರೆ ‘ತಕ್ಕ ಬೆಲೆ ತೆತ್ತ’ ಎಂಬ ಶಿಕ್ಷೆಯ ದನಿ ಬಂದುಬಿಡುತ್ತದೆ. ಕೊನೆಗೆ ‘ನ್ಯಾಯವಾದ ಬೆಲೆ’ ಎಂದು ಬಿಡಿಸಿ ಬರೆದೆ. ನಡುವೆ ಒಂದು ‘ವಾದ’ ಸೇರಿದ್ದಕ್ಕೇ ರೇಷನ್ ಚೀಟಿ ಮಾಯ. ಚೌಕಾಸಿ ಮಾಡಲೂ ಜಾಗ ಉಳಿಯಿತು.

‘ಸ್ಮಾಲ್‌ಹೋಲ್ಡಿಂಗ್’ಗೆ ‘ಸಣ್ಣ ಹಿಡುವಳಿ’ ಇದ್ದೇ ಇದೆ. ಆದರೆ ಅದರಲ್ಲಿ ಪಹಣಿಯ ವಾಸನೆ. ‘ಸಣ್ಣ ಒಕ್ಕಲುತನ’ ಎಂದು ಹಾಕಿದ್ದೇನೆ. ಯಾರಿಗಾದರೂ ತಕರಾರಿದ್ದರೆ ಹೇಳಿ.

ನಿಜವಾಗಿ ಕೈಕೊಟ್ಟಿದ್ದು ‘ರಂಟ್’. ಒಂದೇ ಸೂಲಿನ ಹತ್ತು ಮರಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿ ಉಳಿದದ್ದು. ಹುಟ್ಟಿದ ಒಂದೆರಡು ದಿನದಲ್ಲೇ ಮರಿಗಳು ತಂತಮ್ಮ ಮೊಲೆ ಹಂಚಿಕೊಂಡುಬಿಡುತ್ತವೆ. ಗಟ್ಟಿಯವು ಮುಂದಿನವನ್ನು ಹಿಡಿಯುತ್ತವೆ, ಇದಕ್ಕೆ ಹಿಂದಿನದು, ಹಾಲೂ ಕಮ್ಮಿ. ಅಗ್ಗಕ್ಕೆ ಸಿಗುತ್ತದೆಂದು ಹೊಸಬರು ಕೊಳ್ಳುವುದು ಇದನ್ನೇ. ಬೆಳೆಯಲು ಜಾಸ್ತಿ ದಿನ, ಜಾಸ್ತಿ ತಿಂಡಿ ಬೇಕಾಗಿ, ಉಳಿಸಿದ ದುಡ್ಡು ಅಲ್ಲೇ ಕರಗುತ್ತದೆ. ‘ಬಡಕಲು ಮರಿ’ ಎಂದರೆ ಕಾಯಿಲೆಯಿಂದ ಬಡವಾದದ್ದೂ ಆಗಬಹುದು. ‘ಕೊನೆ ಮರಿ’ ಎಂದರೆ ಕೊನೆಗೆ ಹುಟ್ಟಿದ್ದು ಅಂತಾಗುತ್ತದೆ. ‘ನರಪೇತಲ’ ಕೇಳಲು ಚೆನ್ನ, ಆದರೆ ಅದು ಬೈಗುಳ. ಬಲಿಯದೆ ಉಳಿದ ಕಾಯಿಗೆ ‘ಪೀಚು’ ಎನ್ನುತ್ತೇವಲ್ಲ, ಅದನ್ನೇ ತಂದು ‘ಪೀಚು ಮರಿ’ ಎನ್ನಬಹುದೇ? ಕುರಿ, ಮೇಕೆ, ಹಂದಿ ಸಾಕುವ ಮನೆಗಳಲ್ಲಿ ಇದಕ್ಕೆ ಬೇರೆ ಮಾತು ಇದ್ದೇ ಇರಬೇಕು. ಕೇಳಿದವರು ದಯವಿಟ್ಟು ತಿಳಿಸಿ, ಆ ಒಂದು ಪದಕ್ಕಾಗಿ ಪುಟ ಖಾಲಿ ಬಿಟ್ಟು ಕೂತಿದ್ದೇನೆ.